ಹುಣಸೆ ಕೊರಡಿನ ಹತ್ತರಿ

1545ರ ಜುಲೈ 19ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನ ಎದುರು, ದಡದಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ‘ಮೇರಿ ರೋಸ್’ ಎಂಬ ಯುದ್ಧನೌಕೆ ಮುಳುಗಿತು. ದೊರೆ ಎಂಟನೇ ಹೆನ್ರಿಯ ಅಚ್ಚುಮೆಚ್ಚಿನ ಹಡಗದು. 437 ವರ್ಷ ಕೆಸರಿನಲ್ಲಿ ಹೂತುಹೋಗಿದ್ದ ಅದರ ಒಡಲನ್ನು 1982ರ ಅಕ್ಟೋಬರಿನಲ್ಲಿ ಮೇಲೆತ್ತಿದರು. ಹಡಗಿನಲ್ಲಿ ಬಡಗಿಗಳಿಗೆಂದೇ ಒಂದು ಕೋಣೆ ಇತ್ತು. ಅಲ್ಲಿ ಹತಾರಗಳ ಪೆಟ್ಟಿಗೆ ಸಿಕ್ಕಿತು. ಕೊಡತಿ, ಹತ್ತರಿ, ಅಳತೆಗೋಲು, ಉಳಿ ಬೈರಿಗೆಗಳ ಹಿಡಿ ಎಲ್ಲವೂ ಇದ್ದವು. ಇಲ್ಲದೇ ಹೋದದ್ದು ಕಬ್ಬಿಣ. ಉಪ್ಪುನೀರು ಅಲಗುಗಳನ್ನು ತಿಂದು ಹಾಕಿತ್ತು, ಮರವನ್ನು ಕೆಸರು ಕಾಪಾಡಿತ್ತು. ಆ ಹತ್ತರಿಗಳ ಮರದ ಒಡಲು ಈಗಲೂ ಪೋರ್ಟ್ಸ್‌ಮತ್‌ನ ವಸ್ತುಸಂಗ್ರಹಾಲಯದಲ್ಲಿದೆ.

ಮರಗೆಲಸದ ಹತಾರ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಉಕ್ಕಿನ ಅಲಗು. ಅಲಗು ಕಮ್ಮಾರನ ಕುಲುಮೆಯಲ್ಲಿ ಹುಟ್ಟುತ್ತಿತ್ತು, ನಿಜ. ಆದರೆ ಅದನ್ನು ಯಾವ ಕೋನದಲ್ಲಿ ಹಿಡಿಯಬೇಕು, ಎಷ್ಟು ಹೊರಗೆ ಬಿಡಬೇಕು, ಮರದ ಮೇಲೆ ಹೇಗೆ ನೇರವಾಗಿ ಓಡಿಸಬೇಕು ಎಂಬುದನ್ನೆಲ್ಲ ತೀರ್ಮಾನಿಸುವ ಭಾಗ ಮರದ್ದು. ಅದನ್ನು ಬಡಗಿ ತಾನೇ ಮಾಡಿಕೊಳ್ಳುತ್ತಿದ್ದ. ನಮ್ಮ ಹಳ್ಳಿಗಳಲ್ಲೂ ಆಚಾರಿಯು ಕಮ್ಮಾರನಿಂದ ಅಲಗು ಬಡಿಸಿಕೊಂಡು ಬಂದು, ಹತ್ತರಿಯ ಒಡಲು, ಬಾಚಿಯ ಕಾವು, ಕೊಡತಿ, ಮೂಲೆಮಟ್ಟಗಳನ್ನು ತನ್ನ ಕೊಟ್ಟಿಗೆಯಲ್ಲಿ ಒಣಗಿದ್ದ ಮರದಲ್ಲಿ ಮಾಡಿಕೊಳ್ಳುತ್ತಿದ್ದ. ನೊಗ, ಕೂರಿಗೆ, ಗಾಡಿಚಕ್ರ ಮಾಡುವವನಿಗೆ ಹತ್ತರಿ ಮಾಡುವುದು ಬೇರೆ ವಿದ್ಯೆಯೇನೂ ಆಗಿರಲಿಲ್ಲ.

ಆ ವಿದ್ಯೆ ನಮ್ಮ ಕೈಬಿಟ್ಟದ್ದು ಎರಡು ಹಂತದಲ್ಲಿ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಅಮೆರಿಕದ ಲೆನಾರ್ಡ್ ಬೈಲಿ ಎಂಬಾತ ತಿರುಪು ತಿರುಗಿಸಿ ಅಲಗನ್ನು ಏರಿಸಿ ಇಳಿಸುವ ಎರಕದ ಕಬ್ಬಿಣದ ಹತ್ತರಿ ರೂಪಿಸಿದ. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ವಹಿವಾಟನ್ನು ಕೊಂಡಿತು. ಅಲ್ಲಿಂದ ಮುಂದೆ ಲೋಕದ ಬಹುಪಾಲು ಬಡಗಿಗಳ ಕೈಗೆ ಬಂದದ್ದು ಆ ಮಾದರಿಯೇ. ನಂತರ ವಿದ್ಯುತ್ ಹತ್ತರಿ ಬಂತು, ಪ್ಲೈವುಡ್ ಬಂತು. ಪ್ಲೈವುಡ್ಡಿಗೆ ಹತ್ತರಿ ಹೊಡೆಯುವ ಪ್ರಶ್ನೆಯೇ ಇಲ್ಲ. ಅಳೆದು ಕೊಯ್ದು, ಮೇಲೆ ಲ್ಯಾಮಿನೇಟ್ ಅಂಟಿಸಿದರೆ ಕಪಾಟು ಸಿದ್ಧ. ಬಡಗಿಗೆ ಇದರಿಂದ ಕೂಲಿ ಸಿಕ್ಕಿದೆ, ಮೈನೋವು ಕಡಿಮೆಯಾಗಿದೆ. ಅದನ್ನು ನಾನು ಹೀಗಳೆಯಲಾರೆ. ಆದರೆ ಮರವನ್ನು ಅರಿಯುವ ದಾರಿಯೊಂದು ಈ ನಡುವೆ ಮುಚ್ಚಿಹೋಯಿತು. ಆ ದಾರಿ ಮತ್ತೆ ತೆರೆಯಬೇಕೆಂಬುದು ನನ್ನ ಆಸೆ, ತೆರೆಯುವುದು ಕಷ್ಟವಲ್ಲ ಎಂಬುದು ನನ್ನ ನಂಬಿಕೆ.

ಹತಾರ ಮಾಡುವ ವಿದ್ಯೆ ಒಬ್ಬ ಮನುಷ್ಯನಿಗೆ ಏನೆಲ್ಲ ಆಗಬಲ್ಲದು ಎಂಬುದಕ್ಕೆ ಸೀಸರ್ ಚೆಲರ್ ಸಾಕ್ಷಿ. ಅಮೆರಿಕದಲ್ಲಿ ದಾಖಲೆ ಸಿಗುವ ಮೊದಲ ಹತ್ತರಿ ತಯಾರಕ ಮ್ಯಾಸಚೂಸೆಟ್ಸ್‌ನ ರೆಂಥಮ್ ಊರಿನ ಫ್ರಾನ್ಸಿಸ್ ನಿಕಲ್ಸನ್. ಚೆಲರ್ ಅವನ ಗುಲಾಮನಾಗಿದ್ದ ಆಫ್ರಿಕನ್ ಮೂಲದ ಕುಶಲಕರ್ಮಿ. 1753ರಲ್ಲಿ ನಿಕಲ್ಸನ್ ಸಾಯುವಾಗ ಉಯಿಲಿನಲ್ಲಿ ಚೆಲರ್‌ಗೆ ಬಿಡುಗಡೆ ಬರೆದ. ಜೊತೆಗೆ ಹತ್ತು ಎಕರೆ ನೆಲ, ಕೆಲಸದ ಮೇಜು, ಹತಾರಗಳು, ಕೂಡಿಟ್ಟಿದ್ದ ಮರದಲ್ಲಿ ಪಾಲು. ಅಲ್ಲಿಂದ 1784ರಲ್ಲಿ ತೀರಿಕೊಳ್ಳುವವರೆಗೆ ಚೆಲರ್ ತನ್ನ ಹೆಸರನ್ನೇ ಅಚ್ಚೊತ್ತಿ ಹತ್ತರಿ ಮಾರಿದ. ಬರ್ಚ್ ಮರದ ಆ ಹತ್ತರಿಗಳನ್ನು ಇಂದು ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ. ಒಂದು ಕಾಲದಲ್ಲಿ ತನ್ನ ಮೈಯೇ ತನ್ನದಲ್ಲದವನು ಮರದ ಮೇಲೆ ಒತ್ತಿದ ತನ್ನ ಹೆಸರು ಇವತ್ತಿಗೂ ಓದಲು ಬರುತ್ತದೆ.

ಈಗ ನಮ್ಮ ಮರಗಳಿಗೆ ಬರೋಣ. ಯೂರೋಪಿನವರು ಹತ್ತರಿಗೆ ಬೀಚ್ ಮರ ಬಳಸಿದರು, ಜಪಾನಿನವರು ಬಿಳಿ ಓಕ್ ಬಳಸಿದರು. ಅವೇ ಶ್ರೇಷ್ಠ ಎಂದಲ್ಲ. ಹತ್ತಿರದ ಕಾಡಿನಲ್ಲಿ ಗಟ್ಟಿಯಾಗಿ, ನೇರ ನಾರಿನದಾಗಿ, ಧಾರಾಳವಾಗಿ ಸಿಕ್ಕ ಮರ ಅವು. ಅದೇ ಲೆಕ್ಕದಲ್ಲಿ ನೋಡಿದರೆ ಕರ್ನಾಟಕದ ಬಡಗಿಗಿಂತ ಅನುಕೂಲವಂತ ಇನ್ನೊಬ್ಬನಿಲ್ಲ.

ಮೊದಲ ಹೆಸರು ಹುಣಸೆ. ಹಳೆಯ ಹುಣಸೆ ಮರದ ನಡುವಿನ ಚೇಗು ಕೆಂಗಪ್ಪು ಬಣ್ಣದ್ದು, ಒನಕೆಗೂ ಗಾಣಕ್ಕೂ ಒದಗುತ್ತಿದ್ದದ್ದು. ಮಾಂಸದಂಗಡಿಯ ಕೊರಡು ಸಾಮಾನ್ಯವಾಗಿ ಹುಣಸೆಯದೇ ಆಗಿರುವುದಕ್ಕೆ ಕಾರಣವಿದೆ: ಕತ್ತಿಯ ಏಟು ದಿನವೂ ಬಿದ್ದರೂ ಅದು ಸೀಳುವುದಿಲ್ಲ, ಚಕ್ಕೆ ಏಳುವುದಿಲ್ಲ. ಏಟು ಕೊಡುವ ಕೊಡತಿಗೆ ಇದಕ್ಕಿಂತ ಒಳ್ಳೆಯ ಮರ ನಮ್ಮಲ್ಲಿಲ್ಲ. ಎರಡನೆಯದು ಕರಿಜಾಲಿ, ಗಾಡಿಚಕ್ರದ ಮರ, ನೇಗಿಲಿನ ಮರ, ಬಯಲುಸೀಮೆಯ ಕೆರೆಯಂಗಳದಲ್ಲೆಲ್ಲ ಬೆಳೆಯುವುದು. ಕೊಡಲಿ, ಪಿಕಾಸಿಗಳ ಕಾವಿಗೆ ಹೆಸರಾದದ್ದು ದಿಂಡಿಗ. ಹೊಡೆತದ ಅದಿರನ್ನು ಅದು ನುಂಗಿಕೊಳ್ಳುತ್ತದೆ, ಕೈಗೆ ಬಿಡುವುದಿಲ್ಲ. ಮನೆ ಹಿತ್ತಿಲ ಸೀಬೆ ಮರವನ್ನು ಕಡಿದಾಗ ಸುಡಬೇಡಿ, ಉಳಿಯ ಹಿಡಿಗೆ ಅದರಷ್ಟು ನಯವಾದ ಮರ ಅಪರೂಪ. ಮಲೆನಾಡು, ಕೊಡಗಿನಲ್ಲಿ ಮುದಿ ಕಾಫಿ ಗಿಡ ಕಿತ್ತಾಗ ಸಿಗುವ ಕಾಂಡವೂ ಹಾಗೆಯೇ.

ಹತ್ತರಿಗೆ ರಾಜಮರವೆಂದರೆ ಬೀಟೆ. ಗಟ್ಟಿ, ಭಾರ, ಒಮ್ಮೆ ಒಣಗಿದ ಮೇಲೆ ಅಲುಗದು. ಆದರೆ ಹೊಸ ಬೀಟೆಯನ್ನು ಹುಡುಕಿ ಹೋಗುವ ಅಗತ್ಯ ಯಾರಿಗೂ ಇಲ್ಲ, ಹೋಗಲೂ ಬಾರದು. ಕಾಡಿನಲ್ಲಿ ಅದು ವಿರಳವಾಗಿದೆ. ಅರಣ್ಯ ಕಾನೂನಿನ ಕಟ್ಟುನಿಟ್ಟೂ ಇದೆ. 2017ರಿಂದ ಬೀಟೆಯ ಇಡೀ ಕುಲವನ್ನು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಗಿದೆ. ಒಂದು ಹತ್ತರಿಗೆ ಬೇಕಾದದ್ದು ಒಂದು ಅಡಿಗಿಂತ ಕಡಿಮೆ ಉದ್ದದ ತುಂಡು. ಮುರಿದ ಮಂಚದ ಕಾಲಿನಲ್ಲಿ, ಕೆಡವಿದ ಮನೆಯ ಹೊಸ್ತಿಲಿನಲ್ಲಿ ಅಷ್ಟು ಸಿಗುತ್ತದೆ. ತೇಗದಲ್ಲೂ ಹತ್ತರಿ ಮಾಡಬಹುದು, ಮಳೆಗಾಲಕ್ಕೆ ಅದು ಬಗ್ಗುವುದು ಕಡಿಮೆ. ಆದರೆ ತಳ ಬೇಗ ಸವೆಯುತ್ತದೆ. ಗಾಳಿಮರ, ನೀಲಗಿರಿಗಳ ತೂಕ ನೋಡಿ ಮರುಳಾಗಬೇಡಿ, ಒಣಗುವಾಗ ಸೀಳಿ ತಿರುಚಿಕೊಳ್ಳುತ್ತವೆ. ಕೈಗೆ ಸಿಕ್ಕ ಹಳೆಯ ತುಂಡು ಯಾವ ಮರದ್ದೆಂದು ತಿಳಿಯದಿದ್ದರೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಜಾತಿ ಗುರುತಿಸಿ ಹೇಳುವುದು ಅಲ್ಲಿನ ಕೆಲಸಗಳಲ್ಲಿ ಒಂದು.

ಮರ ಒಣಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ, ಯಾಕೆಂದು ಹೇಳುವವರು ಕಡಿಮೆ. ಹಸಿ ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಗಣನೆಗೇ ಬಾರದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ, ಬೆಳವಣಿಗೆಯ ಬಳೆಗಳ ಸುತ್ತಿನ ಗುಂಟ ಕುಗ್ಗುವುದು ಸುಮಾರು ಎರಡು ಪಟ್ಟು. ಚೌಕ ಕೊಯ್ದ ತುಂಡು ಒಣಗಿದ ಮೇಲೆ ವಕ್ರವಾಗುವುದು ಈ ಎರಡು ಪಟ್ಟಿನ ವ್ಯತ್ಯಾಸದಿಂದ. ಆದ್ದರಿಂದ ತಿರುಳು ಸೇರಿದ ತುಂಡನ್ನು ಹತಾರಕ್ಕೆ ತೆಗೆದುಕೊಳ್ಳಬಾರದು. ತುದಿಗಳಿಗೆ ಮೇಣವನ್ನೋ ಬಣ್ಣವನ್ನೋ ಬಳಿದು ನೆರಳಿನಲ್ಲಿ, ಗಾಳಿಯಾಡುವಲ್ಲಿ ಇಡಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ಹತ್ತರಿಯ ತುಂಡಿನಲ್ಲಿ ತೊಗಟೆಯ ಕಡೆಯ ಮೈ ತಳಕ್ಕೆ ಬರಬೇಕು. ಪಕ್ಕದಿಂದ ನೋಡಿದಾಗ ನಾರಿನ ಎಳೆಗಳು ಮುಂತುದಿಯಿಂದ ಹಿಂಬದಿಗೆ ಇಳಿಜಾರಾಗಿ ತಳವನ್ನು ಮುಟ್ಟುವಂತಿರಬೇಕು. ಆಗ ಮುಂದಕ್ಕೆ ತಳ್ಳಿದಾಗ ತಳದ ಎಳೆಗಳು ಸಿಕ್ಕಿ ಏಳುವುದಿಲ್ಲ.

ಮೊದಲ ಹತಾರ ಕೊಡತಿಯೇ ಆಗಲಿ. ಆರು ಅಂಗುಲ ಉದ್ದ, ನಾಲ್ಕು ಅಂಗುಲ ಎತ್ತರ, ಮೂರು ಅಂಗುಲ ದಪ್ಪದ ಹುಣಸೆ ತುಂಡು ಸಾಕು. ಅದರ ನಡುವೆ ಕಾವಿನ ತೂತು ಕೆಳಗಡೆ ಕಿರಿದು, ಮೇಲುಗಡೆ ತುಸು ಅಗಲ. ಕಾವನ್ನು ಮೇಲಿನಿಂದ ಇಳಿಸಬೇಕು. ಹೀಗೆ ಮಾಡಿದ ಕೊಡತಿಯ ತಲೆ ಬೀಸಿದಷ್ಟೂ ಕಾವಿನ ಅಗಲ ತುದಿಯತ್ತ ಸರಿದು ಬಿಗಿಯಾಗುತ್ತದೆ, ಕಳಚಿ ಹಾರುವುದಿಲ್ಲ. ಮೊಳೆ ಬೇಡ, ಅಂಟು ಬೇಡ. ಹೊಡೆಯುವ ಎರಡು ಮುಖಗಳನ್ನು ಕಾವಿನ ಕಡೆಗೆ ಸ್ವಲ್ಪ ಓರೆ ಮಾಡಬೇಕು. ನಮ್ಮ ತೋಳು ಮೊಣಕೈಯಿಂದ ಕಮಾನಾಗಿ ಬೀಸುವುದರಿಂದ ಓರೆಯಾದ ಮುಖವೇ ಉಳಿಯ ತಲೆಗೆ ಚಪ್ಪಟೆಯಾಗಿ ಬೀಳುತ್ತದೆ. ಇಷ್ಟು ಮಾಡುವಷ್ಟರಲ್ಲಿ ಕಲಿಯುವವನ ಕೈಗೆ ಗರಗಸ, ಉಳಿ, ಸಾಣೆ ಮೂರರ ಪರಿಚಯ ಆಗಿರುತ್ತದೆ.

ಆಮೇಲೆ ಮಟ್ಟದ ಹತಾರಗಳು. ನನ್ನ ಮಟ್ಟಿಗೆ ಮರಗೆಲಸದಲ್ಲೇ ಅತ್ಯಂತ ಸೊಗಸಾದ ಭಾಗ ಇದು. ಮೂಲೆಮಟ್ಟ ಸರಿಯಾಗಿದೆಯೇ ಎಂದು ನೋಡಲು ಇನ್ನೊಂದು ಮೂಲೆಮಟ್ಟ ಬೇಕಿಲ್ಲ. ನೇರ ಅಂಚಿನ ಹಲಗೆಯೊಂದಕ್ಕೆ ಅದನ್ನು ಒತ್ತಿ ಹಿಡಿದು ಒಂದು ಗೆರೆ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಸರಿ. ಬೇರೆಯಾದರೆ, ಕಾಣುವ ಅಂತರ ಇರುವ ತಪ್ಪಿನ ಎರಡರಷ್ಟು. ಹಲಗೆಯ ತಿರುಚು ನೋಡಲು ಒಂದೇ ಅಗಲದ ಎರಡು ನೇರ ಪಟ್ಟಿ ಬೇಕು. ಹಲಗೆಯ ಎರಡು ತುದಿಗೆ ಒಂದೊಂದನ್ನು ನಿಲ್ಲಿಸಿ, ಕಣ್ಣನ್ನು ತಗ್ಗಿಸಿ ಒಂದರ ಅಂಚಿನ ಮೇಲಿಂದ ಇನ್ನೊಂದರ ಅಂಚನ್ನು ನೋಡಿದರೆ ಹಲಗೆಯ ತಿರುಚು ಪಟ್ಟಿಯ ಉದ್ದಕ್ಕೆ ತಕ್ಕಂತೆ ದೊಡ್ಡದಾಗಿ ಕಾಣುತ್ತದೆ. ಒಂದಕ್ಕೆ ಕಪ್ಪು ಮರ, ಇನ್ನೊಂದಕ್ಕೆ ಹಲಸಿನಂಥ ಹಳದಿ ಮರ ಹಾಕಿದರೆ ಇನ್ನೂ ಸುಲಭ. ಸೂಕ್ಷ್ಮ ಯಂತ್ರಗಳಿಲ್ಲದ ಕಾಲದಲ್ಲಿ ನಮ್ಮ ದೇವಸ್ಥಾನದ ಬಾಗಿಲುವಾಡಗಳು ಅಷ್ಟು ನಿಖರವಾಗಿ ಕೂತದ್ದು ಹೇಗೆ ಎಂದು ಅಚ್ಚರಿಪಡುವವರು ಈ ಮೂಲೆಮಟ್ಟವನ್ನೊಮ್ಮೆ ಮಗುಚಿ ನೋಡಬೇಕು.

ಇನ್ನು ಹತ್ತರಿ. ಅಖಂಡ ಕೊರಡಿನಲ್ಲಿ ಅಲಗಿನ ಬಾಯಿಯನ್ನು ಉಳಿಯಿಂದಲೇ ಕೊರೆದು ತೆಗೆಯುವುದು ಹಿಂದಿನವರ ಕ್ರಮ. ಅದಕ್ಕೆ ಪಳಗಿದ ಕೈ ಬೇಕು. ಹೊಸಬರಿಗೂ ಎಟುಕುವ ದಾರಿಯೊಂದನ್ನು ಲೋಕಕ್ಕೆಲ್ಲ ಹಬ್ಬಿಸಿದವರು ಜೇಮ್ಸ್ ಕ್ರೆನೊವ್. 1920ರಲ್ಲಿ ಸೈಬೀರಿಯಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಸ್ವೀಡನ್ನಿನಲ್ಲಿ ಕಾರ್ಲ್ ಮಾಲ್ಮ್‌ಸ್ಟೆನ್ ಅವರ ಶಾಲೆಯಲ್ಲಿ ಮರಗೆಲಸ ಕಲಿತವರು. 1976ರಲ್ಲಿ ಬಂದ ಅವರ ಮೊದಲ ಪುಸ್ತಕ ಒಂದು ಪೀಳಿಗೆಯನ್ನೇ ಮರದ ಕಡೆಗೆ ತಿರುಗಿಸಿತು. 1981ರಲ್ಲಿ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಎಂಬ ಪುಟ್ಟ ಊರಿನಲ್ಲಿ ಅವರು ಶುರುಮಾಡಿದ ಶಾಲೆಯಲ್ಲಿ ವಿದ್ಯಾರ್ಥಿಗಳು ಪೀಠೋಪಕರಣಕ್ಕೆ ಕೈಹಾಕುವ ಮೊದಲು ತಮ್ಮ ಹತ್ತರಿಯನ್ನು ತಾವೇ ಮಾಡಿಕೊಳ್ಳಬೇಕಿತ್ತು. ಕೊನೆಗಾಲದಲ್ಲಿ ದೃಷ್ಟಿ ಮಂದವಾದಾಗ ಕ್ರೆನೊವ್ ಕಪಾಟು ಮಾಡುವುದನ್ನು ನಿಲ್ಲಿಸಿದರು. ಹತ್ತರಿ ಮಾಡುವುದನ್ನು ನಿಲ್ಲಿಸಲಿಲ್ಲ, ಕೈಯ ಸ್ಪರ್ಶದಿಂದಲೇ ಮಾಡುತ್ತಿದ್ದರು. 2009ರಲ್ಲಿ ತೀರಿಕೊಂಡರು.

ಅವರ ವಿಧಾನ ಹೀಗೆ. ಎರಡು ಅಂಗುಲ, ಅಂದರೆ 50 ಮಿಲಿಮೀಟರ್ ಅಗಲದ ಅಲಗಿಗೆ, ಸುಮಾರು 250 ಮಿ.ಮೀ. ಉದ್ದ, 60 ಎತ್ತರ, 75 ಅಗಲದ ಒಣಗಿದ ತುಂಡು ಬೇಕು. ಅದರ ಎರಡು ಪಕ್ಕಗಳಿಂದ 9 ಮಿ.ಮೀ. ದಪ್ಪದ ಎರಡು ಹಲಗೆಗಳನ್ನು ಗರಗಸದಿಂದ ಸೀಳಿ ತೆಗೆಯಿರಿ. ಉಳಿದ ನಡುವಿನ ತುಂಡು ಅಲಗಿಗಿಂತ ಎರಡು ಮೂರು ಮಿ.ಮೀ. ಅಗಲವಾಗಿರುತ್ತದೆ. ಅದನ್ನು ಓರೆಯಾಗಿ ಎರಡು ತುಂಡು ಮಾಡಬೇಕು: ಹಿಂದಿನದು ಅಲಗು ಒರಗುವ 45 ಡಿಗ್ರಿಯ ಹಾಸು, ಮುಂದಿನದು ಸಿಪ್ಪೆ ಮೇಲೇರಿ ಹೊರಬೀಳುವ ಇಳಿಜಾರು. ಇವೆರಡರ ನಡುವೆ ತಳದಲ್ಲಿ ಕೂದಲೆಳೆಯ ಜಾಗವಷ್ಟೇ ಬಿಟ್ಟು, ಪಕ್ಕದ ಹಲಗೆಗಳನ್ನು ಮೊದಲಿದ್ದ ಜಾಗಕ್ಕೇ ಮತ್ತೆ ಅಂಟಿಸಬೇಕು. ಅಂಟಿಸುವ ಮೊದಲು ಎರಡೂ ಹಲಗೆಗಳಿಗೆ ಅಡ್ಡಲಾಗಿ ಒಂದು ಗಟ್ಟಿ ಮರದ ಗೂಟ ಕೂರಿಸಬೇಕು; ಅಲಗನ್ನು ಒತ್ತಿ ಹಿಡಿಯುವ ಬೆಣೆ ಇದರ ಕೆಳಗೆ ತೂರುತ್ತದೆ. ಅಂಟು ಜಾರದಂತೆ ಮೂಲೆಗಳಲ್ಲಿ ಸಣ್ಣ ಮರದ ಮೊಳೆ ಹಾಕುವುದು ಜಾಣತನ. ಒಂದೇ ತುಂಡಿನಿಂದ ಬಂದ ಭಾಗಗಳಾದ್ದರಿಂದ ನಾರು ಒಂದಕ್ಕೊಂದು ಹೊಂದಿ, ಒಣಗಿದ ಮೇಲೆ ಸಂದು ಹುಡುಕಿದರೂ ಸಿಗುವುದಿಲ್ಲ.

ಅಂಟು ಒಣಗಿದ ಮೇಲಿನ ಕೆಲಸವೇ ಹತ್ತರಿಯ ಗುಣವನ್ನು ನಿರ್ಧರಿಸುವುದು. ದಪ್ಪ ಗಾಜಿನ ಮೇಲೆ ಮರಳುಕಾಗದ ಹಾಸಿ ತಳವನ್ನು ಉಜ್ಜಿ ಸಮ ಮಾಡಬೇಕು. ಹೀಗೆ ಉಜ್ಜುವಾಗ ಅಲಗು ಒಳಗೆ ಸರಿದಿರಬೇಕು, ಬೆಣೆ ಮಾತ್ರ ಕೆಲಸದ ಹೊತ್ತಿನಷ್ಟೇ ಬಿಗಿಯಾಗಿರಬೇಕು. ಬೆಣೆಯ ಒತ್ತಡಕ್ಕೆ ಒಡಲು ತುಸು ಬಾಗುತ್ತದೆ; ಆ ಬಾಗಿದ ಸ್ಥಿತಿಯಲ್ಲೇ ತಳ ಸಮವಾಗಬೇಕು. ಅಲಗು ಹೊರಬರುವ ಬಾಯಿಯನ್ನು ಅರದಿಂದ ಒಂದೊಂದೇ ಎಳೆಯಷ್ಟು ತೆರೆಯುತ್ತ ಹೋಗಬೇಕು. ನಯಗೆಲಸದ ಹತ್ತರಿಗೆ ಅರ್ಧ ಮಿಲಿಮೀಟರೂ ಹೆಚ್ಚೇ. ಬಾಯಿ ಕಿರಿದಾದಷ್ಟೂ ಅಲಗಿನ ಮುಂದೆಯೇ ಮರವನ್ನು ತಳ ಒತ್ತಿ ಹಿಡಿಯುತ್ತದೆ, ನಾರು ಕಿತ್ತು ಬರುವುದಿಲ್ಲ. ಅಲಗಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಸಾಕು, ಹದ ಹಾಕಿಕೊಡುವ ಕಮ್ಮಾರ ಊರಲ್ಲಿದ್ದರೆ. ಅಲಗು ಮುಂದೆ ಬರಬೇಕಾದರೆ ಅದರ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಹಿಂದೆ ಸರಿಯಬೇಕಾದರೆ ಹತ್ತರಿಯ ಹಿಂಬದಿಗೆ ತಟ್ಟಿ. ಕೆಲವೇ ದಿನಗಳಲ್ಲಿ ಕಿವಿಯೇ ಹೇಳುತ್ತದೆ, ಬೆಣೆ ಎಷ್ಟು ಬಿಗಿಯಿದೆ ಎಂದು.

45 ಡಿಗ್ರಿ ಎಂದೆ. ಅದು ಪೈನ್, ಬೀಚ್‌ಗಳಂಥ ಸಾಧು ಮರಗಳಿಗೆ ಒಗ್ಗಿದ ಕೋನ. ಅಂಗಡಿಯಲ್ಲಿ ಸಿಗುವ ಕಬ್ಬಿಣದ ಹತ್ತರಿಗಳ ಕೋನವೂ ಸಾಮಾನ್ಯವಾಗಿ ಅದೇ. ಆದರೆ ನಮ್ಮ ಬೀಟೆ, ಹೊನ್ನೆಗಳಲ್ಲಿ ನಾರು ಒಂದು ಪದರದಲ್ಲಿ ಬಲಕ್ಕೆ, ಮುಂದಿನ ಪದರದಲ್ಲಿ ಎಡಕ್ಕೆ ಹೆಣೆದುಕೊಂಡಿರುತ್ತದೆ. ಯಾವ ದಿಕ್ಕಿನಿಂದ ಹತ್ತರಿ ಹೊಡೆದರೂ ಅರ್ಧ ಭಾಗ ನಯವಾಗಿ, ಇನ್ನರ್ಧ ಕಿತ್ತು ಬರುತ್ತದೆ. ಇಂಥ ಮರಕ್ಕೆ ಅಲಗು ಹೆಚ್ಚು ನೆಟ್ಟಗೆ ನಿಲ್ಲಬೇಕು: 50, 55, ತೀರಾ ಹಟಮಾರಿ ಮರಕ್ಕೆ 60 ಡಿಗ್ರಿ. ತಳ್ಳಲು ಬಲ ಹೆಚ್ಚು ಬೇಕು, ಆದರೆ ನಾರು ಏಳುವ ಮೊದಲೇ ಅಲಗು ಅದನ್ನು ತುಂಡರಿಸುತ್ತದೆ. ತಾನೇ ಹತ್ತರಿ ಮಾಡಿಕೊಳ್ಳುವವನಿಗೆ ಇದು ಗರಗಸದ ಒಂದು ಗೆರೆಯನ್ನು ಬೇರೆ ಕೋನದಲ್ಲಿ ಹಾಕುವ ಕೆಲಸ, ಅಷ್ಟೆ. ಹತಾರವನ್ನು ಸ್ವತಃ ಮಾಡಿಕೊಳ್ಳಿ ಎಂದು ನಾನು ಒತ್ತಾಯಿಸುವುದಕ್ಕೆ ಎಲ್ಲಕ್ಕಿಂತ ಗಟ್ಟಿ ಕಾರಣ ಇದು. ಹಣ ಉಳಿಯುವುದು ಆಮೇಲಿನ ಮಾತು. ನಮ್ಮ ಮರಕ್ಕೆ, ನಮ್ಮ ಕೈಯಳತೆಗೆ ಒಪ್ಪುವ ಹತಾರವನ್ನು ದೂರದ ಕಾರ್ಖಾನೆ ಮಾಡಿಕೊಡುವುದಿಲ್ಲ. ಅದರ ಲೆಕ್ಕದಲ್ಲಿ ನಾವಿಲ್ಲ.

ಮರದ ಹತ್ತರಿಗೆ ಕೊರತೆಗಳಿವೆ, ಮುಚ್ಚಿಡಬಾರದು. ಮುಂಗಾರಿನ ತೇವಕ್ಕೆ ತಳ ತುಸು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮಂಗಳೂರಿನಲ್ಲಿ ಮಾಡಿದ ಹತ್ತರಿಯನ್ನು ರಾಯಚೂರಿಗೆ ಒಯ್ದರೆ ತಳವನ್ನು ಮತ್ತೆ ನೋಡಲೇಬೇಕು. ಜಪಾನಿನ ಬಡಗಿಗಳು ಇದನ್ನು ಕೊರತೆಯೆಂದು ಎಣಿಸಲಿಲ್ಲ, ದಿನಚರಿ ಮಾಡಿಕೊಂಡರು. ಎಳೆದು ಬಳಸುವ ಅವರ ಹತ್ತರಿಯ ತಳವನ್ನು ಹೆರೆದು ಸರಿಪಡಿಸಲೆಂದೇ ಅಲಗು ನೆಟ್ಟಗೆ ನಿಂತ ಇನ್ನೊಂದು ಹತ್ತರಿ ಅವರ ಬಳಿ ಇರುತ್ತದೆ. ಕಬ್ಬಿಣದ ಹತ್ತರಿಗೆ ಈ ತಾಪತ್ರಯವಿಲ್ಲ. ಆದರೆ ಕಬ್ಬಿಣ ಮರದ ಮೇಲೆ ಉಜ್ಜಿ ತಡೆಯುತ್ತದೆ, ಆಗಾಗ ಮೇಣ ಬೇಡುತ್ತದೆ. ಮರದ ತಳ ಮರದ ಮೇಲೆ ಹಗುರವಾಗಿ ಜಾರುತ್ತದೆ. ಇಡೀ ದಿನ ಹತ್ತರಿ ಹೊಡೆಯುವವನ ಹೆಗಲಿಗೆ ಈ ವ್ಯತ್ಯಾಸ ಸಣ್ಣದಲ್ಲ.

ತೇವವನ್ನು ನಿಧಾನಗೊಳಿಸಲು ಎಣ್ಣೆ ಹಚ್ಚುವುದುಂಟು. ಅಗಸೆ ಎಣ್ಣೆಯೇ ಆಗಬೇಕು. ಅದು ಗಾಳಿಗೆ ಗಟ್ಟಿಯಾಗಿ ಒಣಗುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಒಣಗುವುದಿಲ್ಲ, ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತವೆ. ಒಂದು ಎಚ್ಚರ ಅಗತ್ಯ: ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಐಟಿಐಗಳಲ್ಲಿ, ಮರಗೆಲಸ ಕಲಿಸುವ ಕೇಂದ್ರಗಳಲ್ಲಿ ಪಾಠ ಹೇಳುವವರಿಗೆ ನನ್ನದೊಂದು ಕೋರಿಕೆ. ಮೊದಲ ತಿಂಗಳು ಮಕ್ಕಳಿಗೆ ಯಂತ್ರ ಮುಟ್ಟಿಸಬೇಡಿ. ಒಂದು ಕೊಡತಿ, ಒಂದು ಮೂಲೆಮಟ್ಟ, ಒಂದು ಹತ್ತರಿ ಮಾಡಿಸಿ. ಅವರು ಮಾಡಿದ್ದನ್ನು ಅವರಿಗೇ ಕೊಟ್ಟುಬಿಡಿ. ಆಯುಧಪೂಜೆಯ ದಿನ ಕುಂಕುಮ ಹಚ್ಚಲು ಸ್ವಂತ ಕೈಯಲ್ಲಿ ಮಾಡಿದ ಹತಾರವೊಂದು ಆ ಹುಡುಗ ಹುಡುಗಿಯರ ಬಳಿ ಇರಲಿ.

ಹಳೆಯ ಮನೆ ಕೆಡಹುವವರಿಗೂ ಒಂದು ಮಾತು. ತೊಲೆ, ಕಂಬಗಳನ್ನು ಮಾರಿ, ಬೇಡವೆನ್ನುವುದಿಲ್ಲ. ಆದರೆ ಒಡೆದ ಒನಕೆ, ಮುರಿದ ನೊಗ, ಹೊಸ್ತಿಲಿನ ತುಂಡು, ಗಾಡಿಯ ಗುಂಬ ಇವನ್ನು ಬಚ್ಚಲೊಲೆಗೆ ಹಾಕುವ ಮೊದಲು ಊರಿನ ಬಡಗಿಯನ್ನು ಕರೆದು ತೋರಿಸಿ. ಐವತ್ತು ವರ್ಷ ಒಣಗಿದ ಹುಣಸೆ, ಜಾಲಿಗಳು ಯಾವ ಮರದಂಗಡಿಯಲ್ಲೂ ದುಡ್ಡಿಗೆ ಸಿಗುವುದಿಲ್ಲ.